ಸೋತ ಕೈಗೂ ಒಂದು ಗುರಿ

(ಬಾನುಲಿ ಭಾಷಣ)

ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಶಂಕರಪುರ ಸಿಗುತ್ತದೆ. ಮಲ್ಲಿಗೆಯ ಊರೆಂದು ತಾವು ಕೇಳಿಯೇ ಇರುತ್ತೀರಿ. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಬಿಸಿಲೇರುವ ಮೊದಲು ಮಾರುವವರ ಕೈಗೆ ಮುಟ್ಟಿಸುವುದು ಇಲ್ಲಿನ ಮನೆಮನೆಯ ಕೆಲಸ. ಸುಮಾರು 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ. ಇಂಥ ಊರಿನಿಂದ ಬಂದವನೊಬ್ಬನು ಬಾನುಲಿಯ ಮುಂದೆ ಕುಳಿತು ಪಿಸ್ತೂಲಿನ ಮಾತೆತ್ತಿದರೆ ತಮಗೆ ನಗು ಬಂದೀತು. ಆದರೆ ನನಗೆ ಪಿಸ್ತೂಲಿನ ಎರಡನೆಯ ಪಾಠ ಸಿಕ್ಕಿದುದು ಮಲ್ಲಿಗೆ ಕಟ್ಟುವ ಒಂದು ಜಗಲಿಯಲ್ಲಿ. ಅದು ಹೇಗೆಂಬುದನ್ನು ಹೇಳುವುದೇ ಇಂದಿನ ಮಾತಿನ ಉದ್ದೇಶ.

ನಾನು ಶಾಲಾ ಮಾಸ್ತರನಾಗಿದ್ದವನು. ಎನ್. ಸಿ. ಸಿ. ಹುಡುಗರ ಜೊತೆಯಲ್ಲಿ ಗುರಿ ಹೊಡೆಯುವ ಹುಚ್ಚು ಹತ್ತಿತು. ಮುಂದೆ ಅದೇ ಹವಾ ಪಿಸ್ತೂಲಿನ ಹವ್ಯಾಸವಾಗಿ ಬೆಳೆಯಿತು. ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಆಟಿಯ ಮಳೆಯಲ್ಲಿ, ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ಬಿದ್ದೆ. ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು; ಆದರೆ ಮೊದಲಿನ ಕೈ ತಿರುಗಿ ಬರಲಿಲ್ಲ. ತೋರುಬೆರಳು ಅರ್ಧಕ್ಕೆ ಬಾಗಿ ನಿಂತಿತು. ತುಂಬಿದ ಚೊಂಬನ್ನು ಎತ್ತಿ ಹಿಡಿದರೆ ನೀರು ಚೆಲ್ಲುತ್ತಿತ್ತು. ಅಭ್ಯಾಸ ಮಾಡುತ್ತಿದ್ದ ಜಾಗದಲ್ಲಿ ಹಿರಿಯರೊಬ್ಬರು ನನ್ನ ಕೈ ನೋಡಿ, "ಮಾಸ್ಟ್ರೇ, ಇನ್ನು ಸಾಕು. ಪಿಸ್ತೂಲು ಗಟ್ಟಿ ಕೈಯವರ ಆಟ" ಎಂದುಬಿಟ್ಟರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ಮುರಿದ ಮೂಳೆಗಿಂತ ಹೆಚ್ಚು ನೋಯಿಸಿತು.

ಕೋವಿ ನಮ್ಮ ನಾಡಿಗೆ ಹೊಸದಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪದ್ಧತಿ ತಮಗೆ ತಿಳಿದಿದೆ. ಆದರೆ ಕೋವಿಗೂ ಪಿಸ್ತೂಲಿಗೂ ದೊಡ್ಡ ಅಂತರವುಂಟು. ಕೋವಿಯ ಹಿಂಬದಿಯನ್ನು ಹೆಗಲಿಗೆ ಆನಿಸುತ್ತೇವೆ, ಕೆನ್ನೆಯನ್ನು ಒತ್ತುತ್ತೇವೆ, ಎರಡು ಕೈಗಳಲ್ಲಿ ಹಿಡಿಯುತ್ತೇವೆ. ಭಾರವನ್ನು ಇಡೀ ದೇಹ ಹಂಚಿಕೊಳ್ಳುತ್ತದೆ. ಪಿಸ್ತೂಲಿಗೆ ಈ ಆಸರೆಗಳೊಂದೂ ಇಲ್ಲ. 10 ಮೀಟರಿನ ಹವಾ ಪಿಸ್ತೂಲು ಸ್ಪರ್ಧೆಯಲ್ಲಿ ಒಂದೇ ಕೈಯನ್ನು ಮುಂದಕ್ಕೆ ಚಾಚಿ ಹೊಡೆಯಬೇಕು. ಮಣಿಕಟ್ಟಿಗೆ ಯಾವ ಊರೆಯನ್ನೂ ಕೊಡುವಂತಿಲ್ಲ. ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು. ಟ್ರಿಗರಿನ ಎಳೆತ ಅರ್ಧ ಕಿಲೋಗಿಂತ ಕಡಿಮೆ ಇರಬಾರದು. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂದರೆ ಒಂದು ಅಂಗಿಯ ಗುಂಡಿಯಷ್ಟು. ಇಂಥ ಗುರಿಗೆ 60 ಸಲ ಹೊಡೆಯಬೇಕು. ಇದನ್ನೆಲ್ಲ ಕೇಳಿದವರು, "ಇದು ಗಟ್ಟಿ ಕೈಯವರ ಆಟವೇ ಸರಿ" ಎಂದುಕೊಂಡರೆ ತಪ್ಪಿಲ್ಲ. ನಾನೂ ಹಾಗೆಯೇ ಎಂದುಕೊಂಡು ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ವರ್ಷವೊಂದು ಕಳೆಯಿತು.

ನಮ್ಮ ನೆರೆಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಸಂಧಿವಾತದಿಂದ ಅವರ ಎಡಗೈಯ ಬೆರಳುಗಳು ಶುಂಠಿಯ ಗಡ್ಡೆಯಂತೆ ಸೊಟ್ಟಗಾಗಿದ್ದುವು. ಕಣ್ಣೂ ಅಷ್ಟಕ್ಕಷ್ಟೆ. ಆದರೂ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಒಂದು ದಿನ ಹತ್ತಿರ ಕುಳಿತು ಗಮನವಿಟ್ಟು ನೋಡಿದೆ. ನಾರಿನ ತುದಿಯನ್ನು ಅವರು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದ್ದರು. ಎಡಗೈ ಮಾಡಬೇಕಾಗಿದ್ದ ಕೆಲಸವನ್ನು ಕಾಲು ಮಾಡುತ್ತಿತ್ತು. ಕಣ್ಣಿನ ಕೆಲಸವನ್ನು ಬಲಗೈಯ ಬೆರಳ ತುದಿ ಮಾಡುತ್ತಿತ್ತು.

"ಕಷ್ಟವಾಗುವುದಿಲ್ಲವೆ, ಅಜ್ಜಿ?" ಎಂದು ಕೇಳಿದೆ.

"ಕೈ ಕೊಂಕಾಗಿದೆ ಮಾಸ್ಟ್ರೇ. ಗಂಟಿಗೇನಾಗಿದೆ? ಗಂಟು ಬಿಗಿ ಬಿದ್ದರೆ ಸಾಕು. ಯಾರು ಬಿಗಿದರು ಅಂತ ಹೂವು ಕೇಳುತ್ತದಾ?" ಎಂದರು.

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಹೂ ಕಟ್ಟುವುದರಲ್ಲಿ ಸಾರವಾದದ್ದು ಗಂಟು. ಹಾಗಾದರೆ ಪಿಸ್ತೂಲಿನಲ್ಲಿ ಗಂಟು ಯಾವುದು? ಯಾವುದು ಇಲ್ಲದಿದ್ದರೆ ಗುರಿ ತಪ್ಪುತ್ತದೆ, ಯಾವುದು ಇಲ್ಲದಿದ್ದರೂ ನಡೆಯುತ್ತದೆ? ಇಷ್ಟು ವರ್ಷ ಹೊಡೆದರೂ ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಒಳ್ಳೆಯ ಕೈಯಿದ್ದವನಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಉತ್ತರವನ್ನು ಸ್ವಲ್ಪ ಲೆಕ್ಕದಿಂದಲೇ ತಿಳಿಯಬಹುದು. ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಚಿಕ್ಕ ಕಚ್ಚು, ನಳಿಗೆಯ ಮುಂದಿನ ತುದಿಯಲ್ಲಿ ಒಂದು ಚಿಕ್ಕ ಗೂಟ ಇರುತ್ತವೆ. ಕಚ್ಚಿನ ನಡುವೆ ಗೂಟ ಕಾಣಬೇಕು. ಗೂಟದ ಎರಡು ಪಕ್ಕಗಳಲ್ಲೂ ಸಮನಾದ ಬೆಳಕಿನ ಗೆರೆ ಕಾಣಬೇಕು. ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಈ ಎರಡರ ನಡುವಿನ ದೂರ ಸುಮಾರು 33 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಈಗ ನನ್ನ ಕೈ ನಡುಗಿ, ಇಡೀ ಪಿಸ್ತೂಲು ಇದ್ದ ಹಾಗೆಯೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿಯಿತೆನ್ನಿ. ಗುಂಡೂ ಒಂದೇ ಮಿಲಿಮೀಟರು ಪಕ್ಕಕ್ಕೆ ಬೀಳುತ್ತದೆ. ಹತ್ತು ಅಂಕ ಹತ್ತೇ ಆಗಿ ಉಳಿಯುತ್ತದೆ. ಆದರೆ ಅವಸರದಿಂದ ಟ್ರಿಗರನ್ನು ಜಗ್ಗಿದಾಗ ಪಿಸ್ತೂಲು ಓರೆಯಾಗಿ, ಮುಂದಿನ ಗೂಟ ಕಚ್ಚಿನ ನಡುವಿನಿಂದ ಅದೇ ಒಂದು ಮಿಲಿಮೀಟರು ಸರಿಯಿತೆನ್ನಿ. 10 ಮೀಟರು ದೂರದಲ್ಲಿ ಆ ತಪ್ಪು ಸುಮಾರು 30 ಮಿಲಿಮೀಟರಾಗಿ ಬೆಳೆಯುತ್ತದೆ. ಹತ್ತಕ್ಕೆ ಬೀಳಬೇಕಾದ ಗುಂಡು ಏಳಕ್ಕೆ ಬೀಳುತ್ತದೆ.

ಒಂದು ಅಳತೆಯ ಎರಡು ತಪ್ಪುಗಳು. ಒಂದು ಮತ್ತೊಂದಕ್ಕಿಂತ ಮೂವತ್ತು ಪಟ್ಟು ಕೇಡು ಮಾಡುತ್ತದೆ! ಚಾಚಿದ ಕೈ ಯಾರದಾದರೂ ಸ್ವಲ್ಪ ತೂಗುತ್ತದೆ; ಪದಕ ಗೆದ್ದವರದೂ ತೂಗುತ್ತದೆ. ಕಚ್ಚು ಮತ್ತು ಗೂಟಗಳ ಹೊಂದಿಕೆಯನ್ನು ಕೆಡಿಸದೆ ಟ್ರಿಗರನ್ನು ಹಿಂದಕ್ಕೆ ತರುವುದೇ ಪಿಸ್ತೂಲಿನ ಗಂಟು. ಅದಕ್ಕೆ ಬೇಕಾದದ್ದು ಬಲವಾದ ತೋಳಲ್ಲ. ಗೂಟವನ್ನು ಸ್ಪಷ್ಟವಾಗಿ ಕಾಣುವ ಒಂದು ಕಣ್ಣು, ಮೆತ್ತಗೆ ಚಲಿಸುವ ಒಂದು ಬೆರಳು, ಅವಸರ ಪಡದ ಮನಸ್ಸು. ಅವು ಬಲಗಡೆಯೇ ಇರಬೇಕೆಂಬ ನಿಯಮವಿಲ್ಲ.

ಈ ಮಾತಿಗೆ ಜಗತ್ತೇ ಒಪ್ಪಿದ ಸಾಕ್ಷಿಯೊಂದಿದೆ. ಹಂಗೇರಿಯ ಸೈನ್ಯದಲ್ಲಿ ಕಾರೊಲಿ ಟಕಾಚ್ ಎಂಬ ಸಾರ್ಜೆಂಟನಿದ್ದನು. ನುರಿತ ಗುರಿಕಾರ. 1938ರಲ್ಲಿ ಸೈನಿಕ ತರಬೇತಿಯ ವೇಳೆ ಕೈಬಾಂಬು ಸಿಡಿದು ಅವನ ಬಲಗೈ ಹೋಯಿತು. ಅವನು ಯಾರಿಗೂ ಹೇಳದೆ ಎಡಗೈಯಿಂದ ಅಭ್ಯಾಸ ಮಾಡಿದನು. ಮರುವರ್ಷವೇ ತನ್ನ ದೇಶದ ಪಿಸ್ತೂಲು ಪಂದ್ಯವನ್ನು ಗೆದ್ದನು. ಯುದ್ಧದ ಕಾರಣ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆಯಲಿಲ್ಲ. ಅವನು ಕಾದನು. 1948ರ ಲಂಡನ್ ಕೂಟದಲ್ಲಿ, ಮೂವತ್ತೆಂಟರ ಪ್ರಾಯದಲ್ಲಿ, ಐದು ಗುರಿಗಳಿಗೆ ಕೆಲವೇ ಸೆಕೆಂಡುಗಳಲ್ಲಿ ಐದು ಗುಂಡು ಹೊಡೆಯುವ ಶೀಘ್ರ ಪಿಸ್ತೂಲು ಸ್ಪರ್ಧೆಯಲ್ಲಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದನು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ ಗೆದ್ದನು.

ಟಕಾಚನ ಕಥೆ ಉತ್ಸಾಹ ತುಂಬುವುದು ನಿಜ. ಆದರೆ ಪೆಟ್ಟಿಗೆಯ ಬೀಗ ತೆಗೆದ ಮೇಲೆ ಉತ್ಸಾಹವೊಂದೇ ಸಾಲದು. ನನಗೆ ಒಂದೊಂದಾಗಿ ಎದುರಾದ ತೊಡಕುಗಳನ್ನೂ ಅವನ್ನು ಬಿಡಿಸಿಕೊಂಡ ಬಗೆಯನ್ನೂ ಹೇಳುತ್ತೇನೆ.

ಮೊದಲನೆಯ ತೊಡಕು ಕಣ್ಣಿನದು. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಯಜಮಾನ, ಇನ್ನೊಂದು ಜೊತೆಗಾರ. ತಾವು ಈಗಲೇ ಪರೀಕ್ಷಿಸಬಹುದು. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು, ನಡುವೆ ಸಣ್ಣ ಕಿಂಡಿ ಬಿಡಿ. ಆ ಕಿಂಡಿಯೊಳಗೆ ಗೋಡೆಯ ಗಡಿಯಾರ ಕಾಣಲಿ. ಈಗ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದೇ ಯಜಮಾನ ಕಣ್ಣು. ನನ್ನದು ಬಲಗಣ್ಣು. ಪಿಸ್ತೂಲು ಎಡಗೈಗೆ ಬಂದಿತು, ಯಜಮಾನ ಬಲಗಡೆಯಲ್ಲೇ ಉಳಿದನು. ಮೊದಲ ವಾರ ಗುಂಡುಗಳು ಎತ್ತೆತ್ತಲೋ ಹೋದುವು.

ಇದಕ್ಕೆ ಎರಡು ದಾರಿಗಳಿವೆ. ಪಿಸ್ತೂಲನ್ನು ತುಸು ಒಳಕ್ಕೆ ತಂದು, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದಲೇ ನೋಡುವುದು ಒಂದು. ತಲೆ ಮಾತ್ರ ವಾಲಬಾರದು. ವಾಲಿದರೆ ದೇಹದ ಸಮತೋಲ ಕೆಡುತ್ತದೆ. ಎರಡನೆಯದು ಕನ್ನಡಕದ ಬಲಭಾಗಕ್ಕೆ ಮಸುಕಾದ ಕಾಗದದ ತುಂಡು ಅಂಟಿಸಿ ಎಡಗಣ್ಣಿಗೆ ಕೆಲಸ ಕಲಿಸುವುದು. ಕಣ್ಣನ್ನು ಬಿಗಿಯಾಗಿ ಮುಚ್ಚುವುದಕ್ಕಿಂತ ಕಾಗದ ಮೇಲು. ಮುಚ್ಚಿದರೆ ಮುಖದ ಸ್ನಾಯುಗಳು ದಣಿಯುತ್ತವೆ, ತೆರೆದ ಕಣ್ಣೂ ಕಿರಿದಾಗುತ್ತದೆ. ನನ್ನ ಕುತ್ತಿಗೆ ಮೊದಲಿನಂತೆ ತಿರುಗದ ಕಾರಣ ನಾನು ಕಾಗದದ ದಾರಿ ಹಿಡಿದೆ. ಎಡಗಣ್ಣು ಕಲಿಯಲು ಮೂರು ತಿಂಗಳು ಬೇಕಾದುವು.

ಎರಡನೆಯದು ವಯಸ್ಸಿನ ತೊಡಕು. ನಲವತ್ತೈದು ದಾಟಿದವರೆಲ್ಲರಿಗೂ ಇದು ಬರುತ್ತದೆ. ಓದುವ ಕನ್ನಡಕ ಹಾಕಿದರೆ ಗೂಟ ಮಸುಕು, ತೆಗೆದರೂ ಮಸುಕು. ಗೂಟ ಇರುವುದು ಪುಸ್ತಕಕ್ಕಿಂತ ದೂರದಲ್ಲಿ, ಚಾಚಿದ ತೋಳಿನ ಆಚೆ. ಆದುದರಿಂದ ಕಣ್ಣಿನ ವೈದ್ಯರ ಬಳಿಗೆ ಹೋಗುವಾಗ ತನ್ನ ಕಣ್ಣಿನಿಂದ ಆ ಗೂಟಕ್ಕಿರುವ ದೂರವನ್ನು ಅಳೆದು, ಆ ದೂರಕ್ಕೆ ತಕ್ಕ ಮಸೂರವನ್ನು ಕೇಳಬೇಕು. ಆಗ ಗುರಿಹಲಗೆಯ ಕಪ್ಪು ವೃತ್ತ ಮಂಜಾಗಿ ಕಾಣುತ್ತದೆ. ಕಾಣಲಿ! ಸ್ಪಷ್ಟವಾಗಿರಬೇಕಾದದ್ದು ಗೂಟ, ಗುರಿಯಲ್ಲ. ದೃಷ್ಟಿ ಗುರಿಯತ್ತ ಓಡಿದ ಗಳಿಗೆಯಲ್ಲೇ ಗೂಟ ಕಚ್ಚಿನಿಂದ ಜಾರುತ್ತದೆ. ಅದರ ಲೆಕ್ಕವನ್ನು ಆಗಲೇ ಹೇಳಿದೆ.

ಮೂರನೆಯದು ಭಾರ. ಎಡಗೈಗೆ ಆ ತೂಕವನ್ನು ಚಾಚಿ ಹಿಡಿದು ಅಭ್ಯಾಸವಿರಲಿಲ್ಲ. ಇಲ್ಲಿ ಹಟ ಕೂಡದು. ಪಿಸ್ತೂಲನ್ನು ಎತ್ತಿದ ಮೇಲೆ ಐದಾರು ಸೆಕೆಂಡುಗಳೊಳಗೆ ಗುಂಡು ಹೊರಡದಿದ್ದರೆ ಕೈಯನ್ನು ಕೆಳಗಿಳಿಸಿ, ಮೇಜಿನ ಮೇಲೆ ಊರಿ, ಎರಡು ಉಸಿರು ತೆಗೆದುಕೊಂಡು ಮತ್ತೆ ಎತ್ತಬೇಕು. ಹೊಡೆಯದೆ ಇಳಿಸುವುದು ನನಗೆ ಮೊದಲು ಸೋಲಿನಂತೆ ಕಾಣುತ್ತಿತ್ತು. ಈಗ ಅದನ್ನೇ ಅರ್ಧ ವಿದ್ಯೆಯೆನ್ನುತ್ತೇನೆ. ಹಿಡಿಯೂ ಮುಖ್ಯ. ಬಲಗೈಗೆಂದು ಕೊರೆದ ಮರದ ಹಿಡಿ ಎಡಗೈಗೆ ಹೊಂದುವುದಿಲ್ಲ. ಎಡಗೈಯ ಹಿಡಿಯನ್ನು ಬೇರೆಯಾಗಿ ತರಿಸಬೇಕು. ಅಂಗೈಗೆ ಎಲ್ಲಿ ಸಂದು ಉಳಿಯುತ್ತದೆಯೋ ಅಲ್ಲಿ ಮರದ ಲಪ್ಪ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ಹೊಂದಿಸಿಕೊಳ್ಳಬೇಕು. ಪಿಸ್ತೂಲು ತಾನಾಗಿ ಕೈಯಲ್ಲಿ ಕುಳಿತರೆ ಹಿಸುಕುವ ಅಗತ್ಯವಿಲ್ಲ. ಹಿಸುಕದಿದ್ದರೆ ನಡುಕವೂ ಕಡಿಮೆ. ಸ್ಪರ್ಧೆಯ ಗೊಡವೆಯಿಲ್ಲದೆ ಸಂತೋಷಕ್ಕಾಗಿ ಹೊಡೆಯುವವರು ಎರಡು ಕೈಗಳಲ್ಲಿ ಹಿಡಿದರೂ, ಕುರ್ಚಿಯಲ್ಲಿ ಕುಳಿತು ಹೊಡೆದರೂ ನಾಚಬೇಕಾದದ್ದಿಲ್ಲ.

ನಾಲ್ಕನೆಯದು ಬೆರಳು. ಇದಕ್ಕೆ ಗುಂಡಿಲ್ಲದ ಅಭ್ಯಾಸಕ್ಕಿಂತ ಮಿಗಿಲಾದ ಔಷಧವಿಲ್ಲ. ಪಿಸ್ತೂಲು ಬರಿದಾಗಿದೆಯೆಂದು ಎರಡು ಸಲ ನೋಡಿ, ಬರಿಯ ಬಿಳಿ ಗೋಡೆಗೆ ಎದುರಾಗಿ ನಿಲ್ಲಬೇಕು. ಗೋಡೆಯ ಮೇಲೆ ಗುರಿಯಿರಬಾರದು. ಗುರಿಯಿಲ್ಲದಿದ್ದರೆ ಆಸೆಯೂ ಇಲ್ಲ. ದೃಷ್ಟಿ ಗೂಟದ ಮೇಲೆಯೇ ನಿಲ್ಲುತ್ತದೆ. ಟ್ರಿಗರು ಬಿದ್ದಾಗ ಗೂಟ ಅಲುಗಿತೇ ಇಲ್ಲವೇ ಎಂಬುದನ್ನಷ್ಟೇ ಗಮನಿಸಬೇಕು. ಬಿದ್ದ ಮೇಲೂ ಒಂದು ಕ್ಷಣ ಹಾಗೆಯೇ ನಿಂತಿರಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು. ನನ್ನ ಮನೆಯವರು, "ಗೋಡೆಗೆ ಗುಂಡಿಲ್ಲದೆ ಹೊಡೆಯುವ ಬುದ್ಧಿವಂತರು" ಎಂದು ನೆಂಟರೆದುರು ಹಾಸ್ಯ ಮಾಡಿದ್ದುಂಟು. ನಾನು ಒಪ್ಪಿಕೊಂಡು ನಕ್ಕಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕೈ ಬದಲಾಯಿಸಿದವನ ಹಳೆಯ ಒಳ್ಳೆಯ ಅಭ್ಯಾಸಗಳು ಹಳೆಯ ಕೈಯಲ್ಲೇ ಉಳಿದುಬಿಡುತ್ತವೆ. ನನ್ನ ಬಲಗೈಯ ಬೆರಳು ಗುರಿ ಹೂಡುವ ತನಕ ಟ್ರಿಗರನ್ನು ಮುಟ್ಟುತ್ತಲೇ ಇರಲಿಲ್ಲ. ಎಡಗೈಯ ಬೆರಳಿಗೆ ಆ ಸಂಯಮವಿರಲಿಲ್ಲ. ಆದುದರಿಂದ ಮೊದಲ ಪಾಠದಿಂದಲೇ ಆರಂಭಿಸಬೇಕು. ಎಲ್ಲ ಪಿಸ್ತೂಲಿನಲ್ಲೂ ಗುಂಡಿದೆಯೆಂದೇ ತಿಳಿಯಬೇಕು. ನಳಿಗೆಯ ಬಾಯಿ ಸದಾ ಗುರಿಯ ಕಡೆಗೇ ಇರಬೇಕು. ಗುಂಡು ತುಂಬುವ ಕೆಲಸವನ್ನು ಸೋತ ಕೈ ಮಾಡುವುದಾದರೆ ಪಿಸ್ತೂಲನ್ನು ಮೇಜಿನ ಮೇಲೆ ಊರಿಕೊಂಡೇ ಮಾಡಬೇಕು. ಅಭ್ಯಾಸ ತಿಳಿದವರ ಕಣ್ಣೆದುರಿಗೇ ನಡೆಯಬೇಕು. ಇನ್ನೊಂದು ಸಂಗತಿ: ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆಗಳು ಕೈಯ ನಡುಕವನ್ನು ತಗ್ಗಿಸುತ್ತವೆ. ಆದಕಾರಣ ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಅವು ನಿಷಿದ್ಧ. ಸ್ಪರ್ಧಿಸುವ ಹಿರಿಯರು ಮಾತ್ರೆಯನ್ನು ತಾವಾಗಿ ನಿಲ್ಲಿಸಲೂ ಬಾರದು, ಮುಚ್ಚಿಡಲೂ ಬಾರದು. ವೈದ್ಯರನ್ನೂ ಸ್ಪರ್ಧೆಯ ಅಧಿಕಾರಿಗಳನ್ನೂ ಮುಂಚಿತವಾಗಿ ಕೇಳಬೇಕು.

ನಮ್ಮ ನಾಡಿನಲ್ಲೇ ಇಂಥ ಪರೀಕ್ಷೆಗೆ ಒಳಗಾದವರಿದ್ದಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಹವಾ ಪಿಸ್ತೂಲಿನಲ್ಲಿ ಹೆಸರಾದವರು. 2013ರಲ್ಲಿ ಕೊರಿಯದ ಚಾಂಗ್‌ವನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಸ್ಪೇನ್ ದೇಶದ ಗ್ರನಾಡಾದಲ್ಲಿ ಸ್ಪರ್ಧೆಗೆಂದು ಹೋಗಿದ್ದಾಗ ಅವರಿಗೆ ಮುಖದ ಪಾರ್ಶ್ವವಾಯು ತಗಲಿತು. ಈ ಕಾಯಿಲೆಯಲ್ಲಿ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪುತ್ತದೆ. ಆ ಬದಿಯ ರೆಪ್ಪೆ ಸರಿಯಾಗಿ ಮುಚ್ಚುವುದಿಲ್ಲ. ಕಣ್ಣು ಒಣಗುತ್ತದೆ, ನೀರು ಸುರಿಸುತ್ತದೆ. ಕಣ್ಣನ್ನೇ ನಂಬಿದ ಆಟಗಾರನಿಗೆ ಇದೆಂಥ ಪೆಟ್ಟೆಂದು ತಾವೇ ಊಹಿಸಬಹುದು. ಮರುವರ್ಷ, 2014ರಲ್ಲಿ, ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಅವರು ಹವಾ ಪಿಸ್ತೂಲಿನ ಬೆಳ್ಳಿ ಪದಕ ಪಡೆದರು. 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲೂ ಸ್ಪರ್ಧಿಸಿದರು.

ಹುಟ್ಟಿನಿಂದಲೇ ಬಲಗೈ ಊನವಾಗಿರುವ ಹರಿಯಾಣದ ಮನೀಶ್ ನರ್ವಾಲ್ ಎಡಗೈಯಿಂದ ಹೊಡೆಯುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರು ಪಿಸ್ತೂಲಿನ ಚಿನ್ನ, 2024ರ ಪ್ಯಾರಿಸ್ಸಿನಲ್ಲಿ 10 ಮೀಟರಿನ ಬೆಳ್ಳಿ ಅವರದಾಯಿತು. ಕಾಲಿನ ತೊಂದರೆಯಿದ್ದ ಜಬಲ್ಪುರದ ರುಬೀನಾ ಫ್ರಾನ್ಸಿಸ್ ಪ್ಯಾರಿಸ್ಸಿನಲ್ಲಿ ಹವಾ ಪಿಸ್ತೂಲಿನ ಕಂಚು ತಂದರು. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿಯವರು ಅದೇ ಕೂಟದಲ್ಲಿ ರೈಫಲು ಸ್ಪರ್ಧೆಗೆ ಇಳಿದರು. ಅವರ ವರ್ಗದಲ್ಲಿ ಕೋವಿಯ ಭಾರವನ್ನು ತೋಳು ಹೊರಲಾರದವರಿಗೆ ಸ್ಪ್ರಿಂಗಿನ ಊರೆಗೋಲು ಕೊಡುತ್ತಾರೆ. ಗುಂಡು ತುಂಬಲು ಸಹಾಯಕರನ್ನೂ ಒಪ್ಪುತ್ತಾರೆ. ಆದರೆ ಗುರಿ ನೋಡುವುದು, ಹೊಡೆಯುವುದು ಅವರದೇ ಕೆಲಸ. ಊರೆಗೋಲನ್ನು ಕೊಟ್ಟು, ಗಂಟನ್ನು ಮಾತ್ರ ಅವರ ಕೈಯಲ್ಲೇ ಬಿಟ್ಟಿದ್ದಾರೆ. ನಮ್ಮ ಅಜ್ಜಿ ಕಾಲ್ಬೆರಳಿಗೆ ನಾರು ಸಿಕ್ಕಿಸಿದುದೂ ಇದೇ ನ್ಯಾಯದಿಂದ.

ನನ್ನ ಫಲವೇನೆಂದು ತಾವು ಕೇಳಬಹುದು. ನಾನು ಪದಕದ ಹತ್ತಿರವೂ ಸುಳಿದಿಲ್ಲ. ಬಲಗೈಯಲ್ಲಿ ಹಿಂದೆ ಬರುತ್ತಿದ್ದ ಅಂಕಗಳು ಎಡಗೈಯಲ್ಲಿ ಇಂದಿಗೂ ಬಂದಿಲ್ಲ, ಬರಲಾರವೆಂದೂ ಬಲ್ಲೆ. ಆದರೆ ಬಲಗೈಯಲ್ಲಿ ಹೊಡೆಯುತ್ತಿದ್ದಾಗ ಗುಂಡು ಏಕೆ ತಪ್ಪಿತೆಂದು ನನಗೆ ತಿಳಿಯುತ್ತಿರಲಿಲ್ಲ. ಈಗ ಹಲಗೆಯನ್ನು ನೋಡುವ ಮೊದಲೇ ತಿಳಿಯುತ್ತದೆ. ಅಷ್ಟರಮಟ್ಟಿಗೆ ಮುರಿದ ಕೈ ನನಗೆ ಗುರುವಾಯಿತು.

ಎಲ್ಲ ಕೊರತೆಗೂ ಉಪಾಯವಿದೆಯೆಂದು ನಾನು ಹೇಳಲಾರೆ. ನಳಿಗೆಯ ಬಾಯಿ ಎತ್ತ ತಿರುಗಿದೆಯೆಂಬುದರ ಮೇಲೆ ಹಿಡಿತ ತಪ್ಪಿದ ದಿನ, ಎಷ್ಟೇ ಆಸೆಯಿದ್ದರೂ ಪಿಸ್ತೂಲನ್ನು ಕೆಳಗಿಡಬೇಕು. ನನಗೂ ಆ ದಿನ ಬಂದೇ ಬರುತ್ತದೆ. ಆಗ ಇಡುತ್ತೇನೆ. ಆದರೆ ಆ ದಿನವನ್ನು ಗೊತ್ತುಮಾಡಬೇಕಾದದ್ದು ಪರೀಕ್ಷೆ; ಪಕ್ಕದವರ ಮರುಕವಲ್ಲ. ತಮ್ಮ ಮನೆಯಲ್ಲಿ ಕೈಯೋ ಕಾಲೋ ಕಣ್ಣೋ ಊನವಾದ ಮಗುವಿದ್ದು, ಅದು ಯಾವುದಾದರೊಂದು ಆಟವನ್ನು ಬಯಸಿದರೆ, "ನಿನ್ನಿಂದ ಆಗದು" ಎನ್ನುವ ಮೊದಲು ಒಂದು ಗಳಿಗೆ ತಡೆಯಿರಿ. ಆ ಆಟದ ಗಂಟು ಯಾವುದೆಂದು ವಿಚಾರಿಸಿ. ಅದನ್ನು ಬಿಗಿಯಲು ಆ ಮಗುವಿನಲ್ಲಿ ಏನು ಉಳಿದಿದೆಯೆಂದು ನೋಡಿ.

ಅಜ್ಜಿ ಈಗಿಲ್ಲ. ಅವರು ಕೂರುತ್ತಿದ್ದ ಜಗಲಿಯಲ್ಲಿ ಈಗ ಮೊಮ್ಮಗಳು ಕುಳಿತು ಹೂ ಕಟ್ಟುತ್ತಾಳೆ. ಅವಳ ಎರಡು ಕೈಗಳೂ ಚೆನ್ನಾಗಿವೆ. ಆದರೂ ಮೊನ್ನೆ ನೋಡಿದಾಗ, ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೇ ಸಿಕ್ಕಿಸಿಕೊಂಡಿದ್ದಳು. ಏಕೆಂದು ಕೇಳಿದೆ. "ಹೀಗೆ ಕಟ್ಟಿದರೆ ಬೇಗ ಆಗುತ್ತದೆ, ಮಾಸ್ಟ್ರೇ" ಎಂದಳು.